ನೀರಿನಿಂದ ಕಣ್ಣು ತೆಗೆಯದೆ

ನೀಲಿ ಟೋಪಿ, ಕೆಂಪು ಟೋಪಿ, ಬೋಳು ತಲೆ, ಮತ್ತೆ ನೀಲಿ ಟೋಪಿ, ಕೊಳದ ತಳದಲ್ಲಿ ಬೆಳಕು ಬಲೆಯ ಹಾಗೆ ಹರಡಿಕೊಳ್ಳುತ್ತದೆ, ಮುದುಡುತ್ತದೆ, ಯಾರೋ ಅದನ್ನು ಹಿಡಿದು ಕೊಡವುತ್ತಿರುವಂತೆ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಮೇಲೆ, ನಡುನೀರು, ತಳ, ಹಾಗೇ ನೋಡುತ್ತಾ ಹೋಗಬೇಕು, ಎಲ್ಲೂ ನಿಲ್ಲಬಾರದು, ನಿಂತರೆ ಕಣ್ಣು ಅಲ್ಲೇ ಕೂತುಬಿಡುತ್ತದೆ — ಬೆಳಿಗ್ಗೆ ಹಾಗೇ ಆಯಿತಲ್ಲ, ಆಯಿತಾ, ಆಯಿತು, ನನಗೆ ನಾನೇ ಸುಳ್ಳು ಹೇಳಿಕೊಂಡು ಏನಾಗಬೇಕಿದೆ, ಹಳದಿ ಟೋಪಿಯ ಹುಡುಗಿ ಮಧ್ಯದ ಲೇನಿನಲ್ಲಿದ್ದಳು, ಆಮೇಲೆ ನೋಡಿದರೆ ಏಣಿಯ ಹತ್ತಿರ ದಡದಲ್ಲಿ ಕೂತು ಕಾಲು ಆಡಿಸುತ್ತಿದ್ದಳು, ನಡುವೆ ಅವಳು ಅಲ್ಲಿಗೆ ಹೇಗೆ ಹೋದಳು ಎಂಬುದು ನನ್ನ ಕಣ್ಣಲ್ಲಿ ಇಲ್ಲ, ಕತ್ತರಿಸಿ ತೆಗೆದ ಹಾಗೆ ಇಲ್ಲ, ಕಣ್ಣು ತೆರೆದೇ ಇತ್ತು, ಕತ್ತು ಎಡಕ್ಕೂ ಬಲಕ್ಕೂ ತಿರುಗುತ್ತಲೇ ಇತ್ತು, ಮಡಿಲ ಮೇಲೆ ಕೆಂಪು ಟ್ಯೂಬ್, ಮೈಮೇಲೆ ಲೈಫ್‌ಗಾರ್ಡ್ ಎಂದು ಬರೆದ ಟೀಶರ್ಟು, ಯಾರಾದರೂ ನೋಡಿದ್ದರೆ ಹುಡುಗ ಎಷ್ಟು ಶ್ರದ್ಧೆಯಿಂದ ಕೂತಿದ್ದಾನೆ ಅಂದಿರುತ್ತಿದ್ದರು, ಒಳಗೆ ಯಾರೂ ಇರಲಿಲ್ಲ, ಅಂಗಡಿಯ ದೀಪ ಉರಿಯುತ್ತಿದೆ, ಬಾಗಿಲು ತೆರೆದಿದೆ, ಗಲ್ಲಾಪೆಟ್ಟಿಗೆಯ ಹಿಂದೆ ಯಾರೂ ಇಲ್ಲ. ಅವಳಿಗೇನೂ ಆಗಲಿಲ್ಲ, ಬಿಡು, ಅವಳಮ್ಮ ಕೊಟ್ಟ ಬಿಸ್ಕತ್ತು ತಿಂದುಕೊಂಡು ಹೋದಳು, ಆದರೂ ಆಗಬಹುದಿತ್ತು, ಆಗಬಹುದಿತ್ತು ಎನ್ನುವುದು ಅಲ್ಲಿಂದ ಇಲ್ಲಿಯವರೆಗೆ ಹಲ್ಲಿಗೆ ಸಿಕ್ಕ ನಾರಿನ ಹಾಗೆ, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಇವತ್ತು ಹೇಳಲೇಬೇಕು, ನನ್ನ ನಂತರ ಈ ಕುರ್ಚಿಯ ಸರದಿಗೆ ಶಿಳ್ಳೆಯಕ್ಕ ಬರುತ್ತಾಳಲ್ಲ, ಅವಳಿಗೆ ಹೇಳಬೇಕು, ಹೇಳಿದರೆ ಈ ಕುರ್ಚಿ ಹೋಗಬಹುದು, ಹೇಳದೆ ಹೋದರೆ ಯಾವತ್ತೋ ಒಂದು ದಿನ ಒಂದು ಹಳದಿ ಟೋಪಿ ಹೋಗಬಹುದು — ಬೋಳು ತಲೆ ತಿರುಗಿತು, ಗೋಡೆ ಒದ್ದಿತು, ಸರಿ, ಕೆಂಪು ಟೋಪಿ ಎಲ್ಲಿ, ಇದೆ, ಲೇನಿನ ಹಗ್ಗ ಹಿಡಿದು ಉಸಿರು ಎಳೆದುಕೊಳ್ಳುತ್ತಿದೆ, ಸರಿ.

ಮನಸ್ಸು ಹೇಗಿದೆ ಎಂದು ದಿನಾ ಕೇಳುವ ಆ ಆ್ಯಪ್‌ಗೆ ಹೇಳಿದೆನಲ್ಲ ಬೆಳಿಗ್ಗೆಯೇ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು, ಐದು ಮುಖ ತೋರಿಸುತ್ತದೆ ಅದು, ಒಂದನ್ನು ಮುಟ್ಟಬೇಕು, ಕಿವಿಯವರೆಗೆ ನಗುವ ಮುಖ, ಸುಮಾರಾಗಿ ನಗುವ ಮುಖ, ಗೆರೆ ಎಳೆದಂಥ ಬಾಯಿ, ಕೆಳಗೆ ಬಾಗಿದ ಬಾಯಿ, ಕಣ್ಣೀರಿನ ಮುಖ, ನನ್ನ ಮುಖ ಅದರಲ್ಲಿಲ್ಲ, ನನಗೆ ಅಳು ಬರುತ್ತಿಲ್ಲವಲ್ಲ, ಅಳು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಬಾಯಿಯೇ ಇಲ್ಲದ ಮುಖ ಒಂದಿದ್ದರೆ ಅದನ್ನು ಒತ್ತುತ್ತಿದ್ದೆ, ಕೊನೆಗೆ ಗೆರೆಬಾಯಿಯನ್ನೇ ಮುಟ್ಟಿದೆ, ದಿನಾ ಅದನ್ನೇ ಮುಟ್ಟುವುದು, ಅದು ತಕ್ಷಣ ಹೇಳುತ್ತದೆ, ತಾವು ಸಮತೋಲನದಲ್ಲಿದ್ದೀರಿ, ಅಭಿನಂದನೆಗಳು, ಒಂದು ಲೋಟ ನೀರು ಸೇವಿಸಿರಿ. ನೀರು. ದಿನವಿಡೀ ನೀರಿನ ಮುಂದೆ ಕೂರುವವನಿಗೆ. ಮತ್ತೆ ಆ ಭಾಷೆ ಬೇರೆ, ತಮ್ಮ ಪ್ರಸ್ತುತ ಮನಃಸ್ಥಿತಿಯನ್ನು ಆಯ್ಕೆ ಮಾಡಿರಿ, ಮನೆ ಕಂದಾಯ ಕಟ್ಟಿಲ್ಲವೆಂದು ನೋಟಿಸು ಬಂದ ಹಾಗೆ, ಯಾಕೋ ಸಪ್ಪಗಿದ್ದೀಯ ಅಂತ ಕೇಳಿದರೆ ಗಂಟೇನು ಹೋಗುತ್ತಿತ್ತು ಅದರದ್ದು. ನಾನಾಗಿ ಹಾಕಿಕೊಂಡದ್ದಲ್ಲ, ಕಚೇರಿಯವರು ತರಬೇತಿಯ ದಿನ ಎಲ್ಲರ ಫೋನಿಗೂ ಹಾಕಿಸಿದರು, ಎದೆ ಒತ್ತುವುದು, ಉಸಿರು ಊದುವುದು, ಬೆನ್ನಿಗೆ ಪೆಟ್ಟಾದವರನ್ನು ಹಲಗೆಗೆ ಕಟ್ಟುವುದು, ಆಮೇಲೆ ಕೊನೆಯಲ್ಲಿ ಟೀ ಕುಡಿಯುತ್ತಾ ಇದೊಂದು, ಮ್ಯಾನೇಜರ್ ಹೇಳಿದರು, ನಿಮ್ಮ ಮನಸ್ಸೂ ಆರೋಗ್ಯವಾಗಿರಬೇಕಲ್ಲಪ್ಪ, ಹಾಕ್ಕೊಳಿ ಹಾಕ್ಕೊಳಿ, ಫ್ರೀ. ಶಿಳ್ಳೆಯಕ್ಕ ಹಿಂದಿನ ಸಾಲಿನಿಂದ, ಸಾರ್, ನಾವು ಬೇಜಾರು ಅಂತ ಒತ್ತಿದ್ರೆ ನಿಮಗೆ ಗೊತ್ತಾಗುತ್ತಾ ಅಂದಳು, ಅವರು ನಕ್ಕು, ಛೇ ಛೇ, ಎಲ್ಲಾ ಗುಟ್ಟಾಗಿರುತ್ತೆ ಅಂದರು, ಅವಳು ನನ್ನ ಕಡೆ ಬಾಗಿ, ಹಾಗಾದ್ರೆ ಗೊತ್ತಾಗುತ್ತೆ ಅಂತ ಅರ್ಥ ಅಂದಳು. ಅದಕ್ಕೇ ಗೆರೆಬಾಯಿ. ನಗುಮುಖ ಒತ್ತಿದರೆ ನಂಬುವುದಿಲ್ಲ, ಅಳುಮುಖ ಒತ್ತಿದರೆ ಕರೆಸುತ್ತಾರೆ, ಗೆರೆಬಾಯಿಯವನ ತಂಟೆಗೆ ಯಾರೂ ಬರುವುದಿಲ್ಲ. ಆದರೂ ಅದನ್ನು ಅಳಿಸಿಹಾಕಲಿಲ್ಲ ನಾನು, ಅದೇ ವಿಚಿತ್ರ, ದಿನಾ ಬೈದುಕೊಳ್ಳುತ್ತೇನೆ, ದಿನಾ ತೆರೆಯುತ್ತೇನೆ, ಬೆಳಿಗ್ಗೆ ಎದ್ದ ಮೇಲೆ ನನ್ನನ್ನು ಹೇಗಿದ್ದೀಯ ಎಂದು ಕೇಳುವುದು ಅದೊಂದೇ. ಕಳೆದ ವಾರ ಅದರಲ್ಲೇ ಬಂತು, ತಮ್ಮಂಥ ಯುವಜನರಿಗೆ ಈ ಆ್ಯಪ್‌ನಿಂದ ಏನು ಬೇಕು ಎಂದು ತಿಳಿಯಬಯಸುತ್ತೇವೆ, ಫೋನಿನಲ್ಲಿ ಮಾತಾಡಲು ಒಪ್ಪಿಗೆಯೇ ಎಂದು, ಒಪ್ಪಿಗೆ ಎಂದು ಒತ್ತಿಬಿಟ್ಟೆ, ಯಾಕೆ ಒತ್ತಿದೆನೋ, ಇವತ್ತು ಸರದಿ ಮುಗಿದ ಮೇಲೆ ಯಾರೋ ಫೋನ್ ಮಾಡುತ್ತಾರಂತೆ, ಏನು ಹೇಳಲಿ ಅವರಿಗೆ — ನೀಲಿ ಟೋಪಿ ಎಲ್ಲಿ, ನೀಲಿ, ಅಲ್ಲಿ, ಬೆನ್ನ ಮೇಲೆ ತೇಲುತ್ತಿದೆ, ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ, ಸರಿ.

ಏನು ಬೇಕು. ಕೋಣೆಗೆ ಹೋದಾಗ ಹಾಸಿಗೆ ತಣ್ಣಗಿರಬೇಕು, ಅದು ಬೇಕು, ಹೇಳಿದರೆ ನಗುತ್ತಾರೆ, ನನ್ನ ಜೊತೆ ಕೋಣೆಯಲ್ಲಿರುವವನು ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ನಾನು ಹೊರಡುವ ಹೊತ್ತಿಗೆ ಅವನು ಬರುತ್ತಾನೆ, ನಾನು ಬರುವ ಹೊತ್ತಿಗೆ ಅವನು ಹೊರಟಿರುತ್ತಾನೆ, ಮಂಚ ಒಂದೇ ಸಾಕು ಎಂದು ಒಂದೇ ಇಟ್ಟುಕೊಂಡಿದ್ದೇವೆ, ನಾನು ಮಲಗುವಾಗ ಅವನ ಮೈಯ ಬಿಸಿ ಇನ್ನೂ ಇರುತ್ತದೆ, ದಿಂಬಿನಲ್ಲಿ ಅವನ ತಲೆಯ ಗುಂಡಿ, ನನ್ನ ತಲೆ ಅದರಲ್ಲೇ ಹೋಗಿ ಕೂರುತ್ತದೆ, ಬಟ್ಟೆಗೆಲ್ಲ ಹುದುಗಿದ ಹಿಟ್ಟಿನ ವಾಸನೆ, ಅವನಿಗೆ ನನ್ನ ಕ್ಲೋರಿನ್ ವಾಸನೆ ಬರುತ್ತಿರಬೇಕು, ಇಷ್ಟು ಹತ್ತಿರ ಬದುಕುತ್ತೇವೆ, ಅವನ ಮುಖ ಸರಿಯಾಗಿ ನೆನಪಿಗೆ ಬರುವುದಿಲ್ಲ, ಮೀಸೆ ಇತ್ತಾ, ಇತ್ತು, ಈಗ ಇದೆಯೋ ಇಲ್ಲವೋ, ಬಾಗಿಲಿಗೆ ಚೀಟಿ ಅಂಟಿಸುತ್ತಾನೆ, ಗ್ಯಾಸ್ ಮುಗೀತು ಮಾರಾಯ, ನಿನ್ನ ಸಾಬೂನು ನಾನೇ ಖಾಲಿ ಮಾಡಿದೆ ಬೈಬೇಡ, ನಾನು ಕೆಳಗೆ ಬರೆಯುತ್ತೇನೆ, ಬೈದೆ. ಒಳ್ಳೆಯವನು. ಅವನಿಗೆ ಚೀಟಿ ಬರೆಯಬಹುದಿತ್ತು, ಏನೆಂದು, ಗ್ಯಾಸ್ ತಂದೆ, ನನಗೆ ಒಳಗೆ ಏನೋ ನಿಂತುಹೋಗಿದೆ, ಹಾಲು ಫ್ರಿಜ್‌ನಲ್ಲಿದೆ, ಹಾಗೆ ಬರೆಯಲಾಗುತ್ತದಾ. ಅಮ್ಮ ಫೋನ್ ಮಾಡುತ್ತಾಳೆ, ಊಟ ಆಯ್ತಾ, ಆಯ್ತಮ್ಮ, ಏನು ಊಟ, ಅದೇ, ಅದೇ ಅಂದ್ರೆ, ಅದೇನಮ್ಮಾ ದಿನಾ ತಿನ್ನೋದು, ಹ್ಞೂಂ, ಎಂದು ಸುಮ್ಮನಾಗುತ್ತಾಳೆ, ಅವಳದ್ದೂ ಒಂದು ಆ್ಯಪ್, ಒಂದೇ ಪ್ರಶ್ನೆ, ಒಂದೇ ಮುಖ, ಆದರೆ ಆ ಹ್ಞೂಂ ಆದಮೇಲೆ ಸುಮ್ಮನಿರುತ್ತಾಳಲ್ಲ, ಅಷ್ಟು ಹೊತ್ತು ನನ್ನ ಉಸಿರನ್ನು ಕೇಳಿಸಿಕೊಳ್ಳುತ್ತಾಳೆ, ಅದು ನನಗೆ ಗೊತ್ತು, ಅದಕ್ಕೇ ಆಗ ನಾನು ಏನಾದರೂ ಸದ್ದು ಮಾಡುತ್ತೇನೆ, ನಲ್ಲಿ ಬಿಡುತ್ತೇನೆ, ಪಾತ್ರೆ ಕುಕ್ಕುತ್ತೇನೆ, ಕೆಲಸ ಇದೆ ಇಡ್ಲಾ ಅನ್ನುತ್ತೇನೆ. ಹೇಳಿದರೆ ಅಪ್ಪನ ಕಿವಿಗೆ ಹೋಗುತ್ತದೆ, ನೀರು ನೋಡ್ಕೊಂಡು ಕೂತು ಸಂಬಳ ತಗೊಳ್ಳೋನಿಗೆ ಮನಸ್ಸಿಗೇನೋ ಬಂತು ದೊಡ್ಡ ರೋಗ, ನಾನೇನು ಇಷ್ಟು ವರ್ಷ ಲಾರಿ ಓಡಿಸಿಲ್ವಾ, ನನಗೆ ಮನಸ್ಸು ಇರಲಿಲ್ವಾ — ಇತ್ತು ಅಪ್ಪ, ಇದ್ದಿರಲೇಬೇಕು, ನಿನ್ನನ್ನೂ ಯಾರೂ ಕೇಳಿರಲಿಕ್ಕಿಲ್ಲ, ಲಾರಿ ಶುರು ಮಾಡುವ ಮೊದಲು ಸ್ಟೀರಿಂಗ್ ಮೇಲೆ ಹಣೆ ಇಟ್ಟು ಕೂತಿರುತ್ತಿದ್ದೆ ನೀನು, ನಾನು ಕಿಟಕಿಯಿಂದ ನೋಡಿದ್ದೇನೆ, ನಿದ್ದೆ ಅಂದುಕೊಂಡಿದ್ದೆ.

ಗಡಿಯಾರ ನೋಡಬಾರದು, ಅಕ್ಕ ಬರುವ ಹೊತ್ತಾಯಿತು, ಅವಳ ಚಪ್ಪಲಿ ಒದ್ದೆ ನೆಲದ ಮೇಲೆ ಚಪ್ ಚಪ್ ಅನ್ನುವುದು ಕೇಳಿಸುತ್ತದೆ, ನೋಡಿ ಗುರುತು ಹಿಡಿಯುವ ಹಾಗಿಲ್ಲ, ಇಲ್ಲಿಯ ಕಟ್ಟಳೆ ಅದು, ಸರದಿ ಬದಲಾಗುವಾಗಲೇ ಜನ ಮುಳುಗುವುದು, ಇಬ್ಬರು ಗಾರ್ಡುಗಳು ಪರಸ್ಪರ ಮುಖ ನೋಡಿಕೊಂಡು ಹೇಗಿದ್ದೀಯ ಎನ್ನುವಷ್ಟರಲ್ಲಿ, ಅದಕ್ಕೇ ಬರುವವಳು ಕುರ್ಚಿಯ ಕೆಳಗೆ ನಿಂತು ನೀರು ನೋಡುತ್ತಾಳೆ, ಮೇಲಿರುವವನೂ ನೀರನ್ನೇ ನೋಡುತ್ತಾನೆ, ನೀರು ನಿನ್ನದು ಅನ್ನುತ್ತಾನೆ, ನೀರು ನನ್ನದು ಅನ್ನುತ್ತಾಳೆ, ಆಮೇಲೆ ಟ್ಯೂಬು ಕೈಯಿಂದ ಕೈಗೆ, ಇಳಿಯುವುದು, ಹತ್ತುವುದು, ಇಳಿದವನು ಅವಳು ಕೂತು ನೆಲೆಯಾಗುವವರೆಗೆ ಬೆನ್ನ ಹಿಂದೆ ನಿಲ್ಲಬೇಕು, ಅವಳ ಕೈ ಹಿಂದಕ್ಕೆ ಬರುತ್ತದೆ, ಲೋಟ ಹಿಡಿಯುವ ಹಾಗೆ ಬೆರಳು ಬಾಗಿಸಿಕೊಂಡು, ಗೋಡೆಯ ಕಟ್ಟೆಯ ಮೇಲಿಟ್ಟ ಅವಳ ನೀರಿನ ಬಾಟಲಿಯನ್ನು ಆ ಕೈಗೆ ಇಡಬೇಕು, ಮುಗಿಯಿತು. ಎರಡು ವರ್ಷದಿಂದ ದಿನಕ್ಕೆ ಎಷ್ಟೋ ಸಲ ಮಾತಾಡಿದ್ದೇವೆ, ಮುಖ ನೋಡಿ ಮಾತಾಡಿದ್ದು ಕಡಿಮೆ, ಅವಳು ಊಟಕ್ಕೆ ಕೂತಾಗ ನಾನು ಕುರ್ಚಿಯ ಮೇಲೆ, ನಾನು ಕೂತಾಗ ಅವಳು, ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹಾಕುವುದರಿಂದ ಎಲ್ಲರಿಗೂ ಅವಳು ಶಿಳ್ಳೆಯಕ್ಕ, ಪೀಪಿ ಯಾಕೆ ಬೇಕು, ದೇವರು ಕೊಟ್ಟಿರೋ ಬಾಯಿಗೆ ಏನಾಗಿದೆ ಅನ್ನುತ್ತಾಳೆ, ಮಗಳನ್ನು ಒಬ್ಬಳೇ ಸಾಕಿ ನರ್ಸಿಂಗ್ ಓದಿಸಿದವಳು, ನಾನು ಸೇರಿದ ವಾರ, ನೀವು ಕೂತ್ಕೊಳ್ಳಿ ಎಂದೆ, ನೀವು ಗೀವು ಎಲ್ಲ ಮ್ಯಾನೇಜರಿಗೆ ಇಟ್ಕೋ, ಅಕ್ಕ ಅಂತ ಕರೆದ ಮೇಲೆ ನೀನು ಅನ್ನು, ಇಲ್ಲಾಂದ್ರೆ ನನಗೇ ಮುದುಕಿ ಆದ ಹಾಗೆ ಅನ್ಸುತ್ತೆ ಅಂದಳು. ನೀರು ನೋಡುವುದನ್ನು ಕಲಿಸಿದ್ದೂ ಅವಳೇ, ಕೂಗೋರನ್ನ ನೋಡ್ಬೇಡ ಕಣೋ, ಕೂಗೋರಿಗೆ ಉಸಿರಿದೆ, ಆಟ ಆಡ್ತಿದ್ದಾರೆ, ಸುಮ್ಮನಿರೋರನ್ನ ನೋಡು, ಮುಳುಗೋನು ಕೈ ಬೀಸಲ್ಲ, ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಮುಖ ಚಾವಣಿ ಕಡೆ, ಕೈಯೆರಡೂ ನೀರನ್ನ ಒತ್ತುತ್ತಾ ಇರುತ್ತೆ, ಇಲ್ಲದ ಏಣಿ ಹತ್ತೋ ಹಾಗೆ, ಪಕ್ಕದಲ್ಲಿ ಈಜೋನಿಗೂ ಗೊತ್ತಾಗಲ್ಲ. ಆ್ಯಪ್‌ನಲ್ಲಿ ಒಂದು ಕೆಂಪು ಬಟನ್ ಇದೆ, ಸಹಾಯ ಬೇಕೆ, ಇಲ್ಲಿ ಒತ್ತಿರಿ, ಕೈ ಎರಡೂ ನೀರಿನ ಮೇಲಿದ್ದರೆ ಯಾವ ಕೈಯಿಂದ ಒತ್ತುವುದು, ಅದನ್ನೇ ಹೇಳಿಬಿಡಲಾ ಫೋನಿನವರಿಗೆ, ನಾನು ಒತ್ತಲಿಲ್ಲ ಎಂದರೆ ಚೆನ್ನಾಗಿದ್ದೇನೆ ಎಂದು ತಿಳಿಯಬೇಡಿ, ದಿನಾ ಗೆರೆಬಾಯಿ ಒತ್ತುವವನನ್ನು ಒಮ್ಮೆ ತಿರುಗಿ ನೋಡಿ — ಚಪ್ ಚಪ್, ಬಂದಳು.

ನೀರು ನಿನ್ನದು ಎಂದೆ, ನೀರು ನನ್ನದು ಅಂದಳು, ಟ್ಯೂಬು ಕೊಟ್ಟೆ, ಅವಳ ಬೆರಳು ಒದ್ದೆಯಾಗಿತ್ತು, ಹೆಗಲಿಗೆ ಪಟ್ಟಿ ಎಳೆದುಕೊಂಡಳು, ನಾನು ಇಳಿಯುತ್ತಿದ್ದೇನೆ, ಕಬ್ಬಿಣದ ಮೆಟ್ಟಿಲು ಪಾದಕ್ಕೆ ತಣ್ಣಗೆ, ಕಣ್ಣು ನೀರಿನ ಮೇಲೇ, ಈಗ ಹೇಳಬೇಕು, ಈಗ, ಅವಳು ಹತ್ತುತ್ತಿದ್ದಾಳೆ, ಮೊಣಕಾಲು ಲಟಕ್ಕೆಂದಿತು, ಅಯ್ಯೋ ನನ್ನ ಮಂಡಿ, ಇದನ್ನೊಂದು ಬದಲಾಯಿಸಿ ಕೊಡಪ್ಪ ದೇವರೇ ಅಂದಳು, ನಗಬೇಕಿತ್ತು, ನಗು ಬರಲಿಲ್ಲ, ಕೂತಳು, ಈಗ. ಅಕ್ಕ. ಏನೋ. ಬೆಳಿಗ್ಗೆ ನನಗೆ ನೀರು ಕಾಣಲಿಲ್ಲ. ಮಾತು ಬಿದ್ದೇಬಿಟ್ಟಿತು, ಕಲ್ಲು ಬಿದ್ದ ಹಾಗೆ, ಸುತ್ತ ಅಲೆ ಏಳಲಿಲ್ಲ, ಅವಳ ಬೆನ್ನು ಅಲುಗಲಿಲ್ಲ, ಬಿಳಿಕೂದಲು ಸೇರಿದ ಜಡೆ, ಅದರ ತುದಿಗೆ ಕಪ್ಪು ರಬ್ಬರ್ ಬ್ಯಾಂಡು, ಕತ್ತು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಕಾಣಲಿಲ್ಲ ಅಂದ್ರೆ ಅಂದಳು. ನೋಡ್ತಾ ಇದ್ದೆ, ಕಾಣಲಿಲ್ಲ, ಒಂದು ಹುಡುಗಿ ನೀರಲ್ಲಿದ್ದೋಳು ದಡದಲ್ಲಿದ್ದಳು, ನಡುವೆ ಏನಾಯ್ತೋ ಗೊತ್ತಿಲ್ಲ. ಎಷ್ಟು ಹೊತ್ತು. ಗೊತ್ತಿಲ್ಲ ಅಕ್ಕ. ಕಣ್ಣಿಗೇನಾದ್ರೂ ಆಗಿದ್ಯಾ. ಕಣ್ಣಿಗಲ್ಲ. ಮತ್ತೆ. ಒಳಗೆ, ತುಂಬ ದಿನದಿಂದ, ಎಲ್ಲಾ ದೂರ ಇದ್ದ ಹಾಗೆ, ಗಾಜಿನ ಆಚೆ ಇದ್ದ ಹಾಗೆ, ನಿದ್ದೆ ಬರುತ್ತೆ, ಎದ್ರೆ ನಿದ್ದೆ ಮಾಡಿದ ಹಾಗಿರಲ್ಲ, ಏನೂ ಬೇಡ ಅನ್ಸುತ್ತೆ. ಇಷ್ಟು ಹೇಳಿದೆನಾ, ಹೇಳಿದೆ, ಎಲ್ಲವನ್ನೂ ಅವಳ ಜಡೆಗೆ ಹೇಳಿದೆ, ಮಕ್ಕಳಿಗೆ ಈಜು ಕಲಿಸುವ ಕೋಚ್ ಆ ತುದಿಯಲ್ಲಿ ಕಾಲು ಒದೀರೋ, ಮಂಡಿ ಬಗ್ಗಿಸ್ಬೇಡಿ ಎಂದು ಕೂಗುತ್ತಿದ್ದ, ಅಕ್ಕ ಸುಮ್ಮನಿದ್ದಳು, ಅಮ್ಮನ ಹ್ಞೂಂ ಆದಮೇಲಿನ ಹಾಗೆ, ಇಲ್ಲಿ ಬಿಡಲು ನಲ್ಲಿ ಇರಲಿಲ್ಲ, ಕುಕ್ಕಲು ಪಾತ್ರೆ ಇರಲಿಲ್ಲ, ನಾನು ನಿಂತೇ ಇದ್ದೆ. ಆಮೇಲೆ ಅಂದಳು, ಮುಂದಿನ ಸರದಿ ನಿನಗಿಲ್ಲ, ಇವತ್ತು ಪೂರ್ತಿ ನೀರಿನ ಹತ್ತಿರ ಬರಬೇಡ, ಚಿಕ್ಕ ಕೊಳದ ಗಾರ್ಡನ್ನ ಕರೆಸ್ತೀನಿ, ಮ್ಯಾನೇಜರಿಗೂ ಹೇಳ್ಬೇಕಾಗುತ್ತೆ. ಅಷ್ಟೇ. ಸರಿ ಎಂದೆ. ಸರಿಯೇ ಅದು, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ನೀರು ಮೊದಲು, ಆದರೂ ಇವಳೂ ನನ್ನನ್ನು ಪಕ್ಕಕ್ಕೆ ಎತ್ತಿಟ್ಟಳು, ಕೆಟ್ಟುಹೋದ ಟ್ಯೂಬನ್ನು ಎತ್ತಿಡುವ ಹಾಗೆ, ಇನ್ನು ಮ್ಯಾನೇಜರ್, ಬೇರೆ ಕೆಲಸ ಹುಡುಕ್ಕೋಪ್ಪ, ಇನ್ನು ಅಪ್ಪ — ಅವಳ ಕೈ ಹಿಂದಕ್ಕೆ ಬಂತು, ಬಾಟಲಿ ಇಟ್ಟೆ, ಹೊರಟೆ.

ಗಾರ್ಡುಗಳ ಕೋಣೆಯಲ್ಲಿ ಒಣಹಾಕಿದ ಟವೆಲುಗಳು, ಯಾರದೋ ಅರ್ಧ ತಿಂದ ಸೇಬು ಕಂದಾಗಿದೆ, ಕಿಟಕಿಯ ಹೊರಗೆ ಸೈಕಲ್ಲುಗಳ ಸಾಲು, ಬಿಸಿಲು, ಇಲ್ಲಿ ಕೂತರೆ ನೀರಿನ ಸದ್ದು ಗೋಡೆಯ ಒಳಗಿಂದ ಬಂದ ಹಾಗೆ, ಇನ್ನು ಈ ಸದ್ದು ನನ್ನದಲ್ಲ, ಫೋನ್ ನಡುಗಿತು, ಗೊತ್ತಿಲ್ಲದ ನಂಬರ್, ಎತ್ತಬಾರದೆಂದುಕೊಂಡೇ ಎತ್ತಿದೆ. ನಮಸ್ತೆ ಸರ್, ನಿಮ್ಮ ಅಭಿಪ್ರಾಯ ತಗೊಳ್ಳೋಕೆ ಫೋನ್ ಮಾಡಿದ್ದು, ಈಗ ಮಾತಾಡಬಹುದಾ, ಹುಡುಗಿಯ ದನಿ, ನನ್ನಷ್ಟೇ ವಯಸ್ಸಿರಬೇಕು, ಮೂಗು ಕಟ್ಟಿದೆ, ಹಿಂದೆ ಇನ್ನೂ ಯಾರು ಯಾರೋ ಇದೇ ಮಾತಾಡುತ್ತಿರುವ ಸದ್ದು, ಮಾತಾಡಿ ಎಂದೆ. ಆ್ಯಪ್ ಬಳಸೋದು ಸುಲಭ ಅನ್ಸುತ್ತಾ ಸರ್. ಸುಲಭ. ಮುಖಗಳ ಚಿತ್ರ ನಿಮಗೆ ಇಷ್ಟಾನಾ. ಅದರಲ್ಲಿ ನನ್ನ ಮುಖ ಇಲ್ಲ. ಅರ್ಥ ಆಗ್ಲಿಲ್ಲ ಸರ್. ಬಾಯಿ ಇಲ್ಲದ್ದು ಒಂದು ಬೇಕು. ಕೀಲಿಮಣೆ ಟಕಟಕ ಅಂದಿತು, ನಿಂತಿತು, ಬಾಯಿ ಇಲ್ಲದ್ದು ಅಂತಾನೇ ಬರೀಲಾ ಸರ್, ಹ್ಞೂಂ ಹಾಗೇ ಬರೀರಿ ಎಂದೆ, ಅವಳು ಸಣ್ಣಗೆ ನಕ್ಕಳು, ಮಾಡಬಾರದ್ದು ಮಾಡಿದವಳ ಹಾಗೆ ಕೆಮ್ಮಿ ಅದನ್ನು ಮುಚ್ಚಿದಳು. ಬೇರೆ ಏನಾದ್ರೂ ಸೇರಿಸಬೇಕಾ, ಬೇಡದ್ದು ಏನಾದ್ರೂ ಇದೆಯಾ. ನೀರು ಕುಡಿ ಅನ್ನೋದು ಬೇಡ, ಅಭಿನಂದನೆ ಬೇಡ, ಯಾರು ಓದ್ತಾರೆ ಅಂತ ಸರಿಯಾಗಿ ಹೇಳ್ಬೇಕು, ಮ್ಯಾನೇಜರ್ ಓದೋ ಹಾಗಿದ್ರೆ ಓದ್ತಾರೆ ಅಂತಾನೇ ಹೇಳಿ, ಮತ್ತೆ, ಮನೇಲಿ ಮಾತಾಡೋ ಹಾಗೆ ಮಾತಾಡ್ಲಿ. ಟಕಟಕಟಕ. ಸರ್, ಎಲ್ರೂ ಇದನ್ನೇ ಹೇಳ್ತಾರೆ, ಅಂದಳು, ಅದನ್ನು ಹೇಳಬೇಕೆಂದು ಅವಳ ಕಾಗದದಲ್ಲಿ ಬರೆದಿರಲಿಕ್ಕಿಲ್ಲ, ಎಲ್ಲರೂ, ಯಾರು ಆ ಎಲ್ಲರೂ, ಎಷ್ಟು ಕೋಣೆಗಳಲ್ಲಿ ಕೂತು ಮೂಗು ಕಟ್ಟಿದ ಈ ಹುಡುಗಿಗೆ ಇದನ್ನೇ ಹೇಳುತ್ತಿದ್ದಾರೆ, ಒಬ್ಬರಿಗೊಬ್ಬರ ಮುಖ ಗೊತ್ತಿಲ್ಲ, ನಾನೂ ಬ್ರೆಡ್ಡಿನವನೂ ಹಾಗೆ, ಒಂದೇ ಗುಂಡಿಯಲ್ಲಿ ತಲೆ ಇಟ್ಟವರು, ಅವನಿಗೂ ಹೀಗೆ ಆಗುತ್ತದಾ, ಕೇಳಿಯೇ ಇಲ್ಲ ನಾನು. ಕೊನೇ ಪ್ರಶ್ನೆ ಸರ್, ತುಂಬ ಕಷ್ಟ ಅನ್ಸಿದಾಗ ಏನು ಸಿಕ್ಕಿದ್ರೆ ಸಾಕು ಅನ್ಸುತ್ತೆ ನಿಮಗೆ, ಒಂದೇ ಮಾತಲ್ಲಿ ಹೇಳಿದ್ರೂ ಆಗುತ್ತೆ. ಒಂದೇ ಮಾತಲ್ಲಿ. ದೊಡ್ಡದೇನೂ ಬೇಡ ಎಂದೆ, ಯಾರೂ ಏನೂ ಸರಿ ಮಾಡೋದು ಬೇಡ, ಸುಮ್ಮನೆ, ನಾನು ಇಲ್ಲೇ ಇದ್ದೀನಿ ಅಂತ ಯಾರಾದರೂ ಕೈ —

ಕೈ. ಬಾಟಲಿಯ ಕೈ ಹೇಗಿರುತ್ತದೆ, ಹೆಬ್ಬೆರಳು ಮೇಲೆ, ಬೆರಳು ಲೋಟ ಹಿಡಿದ ಹಾಗೆ ಬಾಗಿ, ಭುಜದ ಹತ್ತಿರ, ಎರಡು ವರ್ಷದಿಂದ ಹಾಗೇ, ಕಣ್ಣು ಮುಚ್ಚಿದರೂ ಇಡಬಲ್ಲೆ, ಇವತ್ತಿನದು ಹಾಗಿರಲಿಲ್ಲ, ಇವತ್ತಿನ ಕೈ ಕೆಳಗೆ ಬಂತು, ಕುರ್ಚಿಯ ಪಕ್ಕಕ್ಕೆ, ನನ್ನ ಎದೆಯ ಮಟ್ಟಕ್ಕೆ, ಅಂಗೈ ಮೇಲಕ್ಕೆ, ಬೆರಳು ಎಲ್ಲವೂ ಬಿಚ್ಚಿ, ಗಾಳಿಯಲ್ಲಿ ತಡಕಾಡಿತು, ಆ ಕಡೆ, ಈ ಕಡೆ, ಅವಳು ಹಿಂದೆ ತಿರುಗುವ ಹಾಗಿರಲಿಲ್ಲ, ನೀರು ಅವಳದ್ದು, ಕಣ್ಣು ಕೊಡುವ ಹಾಗಿರಲಿಲ್ಲ, ಇದ್ದದ್ದು ಕೈ ಒಂದೇ, ಅದನ್ನು ಕೊಟ್ಟಳು, ನಾನು ಅದರ ಮೇಲೆ ಬಾಟಲಿ ಇಟ್ಟೆ. ಬಾಟಲಿ ಇಟ್ಟೆನಲ್ಲ. ಬೆರಳು ಮುಚ್ಚಲಿಲ್ಲ ಆಗ, ಬಾಟಲಿ ಅಂಗೈ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು, ಇದೇನು ಎಂದು ಕೇಳುವ ಹಾಗೆ, ಆಮೇಲೆ ಒಂದೊಂದೇ ಬೆರಳು ಮಡಚಿಕೊಂಡಿತು, ನಾನು ಹೊರಟಾಗಿತ್ತು. ಸರ್, ಲೈನಲ್ಲಿದ್ದೀರಾ, ಕೈ ಅಂದ್ರಿ, ಮುಂದೆ ಹೇಳಿ ಸರ್, ಅಷ್ಟೇ ಬರ್ಕೊಳ್ಳಿ ಎಂದೆ, ಕೈ ಅಂತಾನಾ, ಹ್ಞೂಂ, ನಿಮಗೆ ನೆಗಡಿ ಆಗಿದೆ, ಏನಾದ್ರೂ ಬಿಸಿ ಕುಡೀರಿ ಎಂದೆ, ಆ ಕಡೆ ಟಕಟಕ ನಿಂತಿತು, ಥ್ಯಾಂಕ್ಸ್ ಅಂದಳು, ಸರ್ ಅನ್ನಲಿಲ್ಲ. ಕೋಣೆಯ ಬಾಗಿಲು, ಓಣಿ, ಕಾಲು ತೊಳೆಯುವ ತೊಟ್ಟಿ, ಕ್ಲೋರಿನ್ ಗಾಳಿ ಮುಖಕ್ಕೆ ಹೊಡೆಯಿತು, ನೀರಿನ ಹತ್ತಿರ ಬರಬೇಡ ಎಂದಿದ್ದಾಳೆ, ಬರುವುದಿಲ್ಲ, ಗೋಡೆಯ ಪಕ್ಕಕ್ಕೇ ಬರುತ್ತೇನೆ, ನೀರಿಗೆ ಬೆನ್ನು ಹಾಕಿ ಬೇಕಾದರೂ ನಿಲ್ಲುತ್ತೇನೆ, ಚಿಕ್ಕ ಕೊಳದ ಗಾರ್ಡ್ ಇನ್ನೂ ಬಂದಿಲ್ಲ, ಕೋಚ್‌ನ ಮಕ್ಕಳು ಸಾಲಾಗಿ ದಡ ಹಿಡಿದು ಕಾಲು ಬಡಿಯುತ್ತಿವೆ, ಎತ್ತರದ ಕುರ್ಚಿ, ಅವಳ ಬೆನ್ನು, ಜಡೆ, ಕತ್ತು ಎಡಕ್ಕೆ, ಬಲಕ್ಕೆ, ಬಾಟಲಿ ಕೆಳಗಿನ ಮೆಟ್ಟಿಲ ಮೇಲಿದೆ, ಮುಚ್ಚಳ ತೆರೆದಿಲ್ಲ, ನನ್ನ ಹೆಜ್ಜೆ ಅವಳಿಗೆ ಕೇಳಿಸಿತಾ, ಬರಿಗಾಲು, ಸದ್ದಿಲ್ಲ, ಅಕ್ಕ ಎನ್ನಬೇಕು, ಕುರ್ಚಿಯ ಪಕ್ಕದಲ್ಲಿ, ಕಬ್ಬಿಣದ ಆಚೆ, ಅದು ಇದೆ, ಇಷ್ಟು ಹೊತ್ತೂ ಹಾಗೇ ಇತ್ತಾ, ನೀರಿನಿಂದ ಕಣ್ಣು ತೆಗೆಯದೆ, ಹಿಂದಕ್ಕೆ ಇಳಿಬಿಟ್ಟ ಕೈ, ಅಂಗೈ ಮೇಲಕ್ಕೆ, ಬೆರಳು ಬಿಚ್ಚಿ, ಕೈ, ಖಾಲಿ, ಬಿಚ್ಚಿದ ಬೆರಳು, ಆ ಕೈ